ಯುವ ಕ್ರೀಡಾಕೂಟದಲ್ಲಿ ಕ್ರೀಡಾ ಮನೋಭಾವ: ಸಂಘಟಕರಿಗೂ ತಂಡದ ನಾಯಕರಿಗೂ

ಮಂಗಳೂರು, ಉಡುಪಿ ಕಡೆಯ ಇಗರ್ಜಿ (ಚರ್ಚ್) ಮೈದಾನಗಳಲ್ಲಿ ಮಳೆಗಾಲ ಕಳೆದ ಮೇಲೆ ಶನಿವಾರ, ಭಾನುವಾರ ನಡೆಯುವ ಯುವಜನರ ಕ್ರೀಡಾಕೂಟಗಳಲ್ಲಿ ಏಳುವ ಜಗಳಗಳನ್ನು ಗಮನಿಸಿದರೆ, ಹೆಚ್ಚಿನವು ಮೊದಲೇ ತೀರ್ಮಾನಿಸದೆ ಬಿಟ್ಟ ಯಾವುದೋ ಒಂದು ವಿಷಯದಿಂದ ಹುಟ್ಟುತ್ತವೆ ಎಂಬುದು ತಿಳಿಯುತ್ತದೆ. ಹುಡುಗರ ಬಿಸಿರಕ್ತವನ್ನು ದೂರುವ ಮೊದಲು ನಾವು, ಅಂದರೆ ಸಂಘಟಕರು, ನಮ್ಮ ಪಾಲಿನ ಕೆಲಸವನ್ನು ಆಮಂತ್ರಣ ಪತ್ರ ಅಚ್ಚಿಗೆ ಹೋಗುವ ಮುನ್ನವೇ ಮುಗಿಸಿರಬೇಕು.

ಆ ಕೆಲಸಗಳಲ್ಲಿ ಮೊದಲನೆಯದು, ಯಾರು ಯಾವ ತಂಡದಲ್ಲಿ ಆಡಬಹುದು ಎಂಬುದನ್ನು ಬರೆದಿಡುವುದು. ಬೇರೆ ಧರ್ಮಕೇಂದ್ರದಿಂದ, ಅಂದರೆ ಬೇರೆ ಇಗರ್ಜಿಯ ವ್ಯಾಪ್ತಿಯಿಂದ, ಎರವಲು ತಂದ ಒಬ್ಬ ವಾಲಿಬಾಲ್ ಸ್ಮ್ಯಾಶರ್ ಇಡೀ ಪಂದ್ಯಾಟದ ಸೌಹಾರ್ದವನ್ನು ಕೆಡಿಸಬಲ್ಲ. ‘ಸದಸ್ಯರು ಮಾತ್ರ’ ಎಂದು ಒಂದು ಸಾಲು ಬರೆದರೆ ಸಾಲದು, ಏಕೆಂದರೆ ನಮ್ಮ ಕಡೆ ಅನುಮಾನಕ್ಕೆ ಎಡೆಗೊಡುವ ಸಂದರ್ಭಗಳು ಬೇರೆಯೇ ಇವೆ: ಕಾಲೇಜಿಗೆಂದು ಬಂದು ನಗರದ ಹಾಸ್ಟೆಲ್‌ನಲ್ಲಿರುವ ಹುಡುಗ, ಗಲ್ಫ್‌ನಿಂದ ರಜೆಯಲ್ಲಿ ಊರಿಗೆ ಬಂದವನು, ಮದುವೆಯಾಗಿ ಬೇರೆ ಊರಿಗೆ ಹೋದರೂ ತವರಿನ ತ್ರೋಬಾಲ್ ತಂಡದಲ್ಲಿ ಆಡಬಯಸುವ ಹೆಣ್ಣುಮಗಳು. ಈ ಮೂವರ ಬಗ್ಗೆಯೂ ಸ್ಪಷ್ಟವಾಗಿ ಬರೆದು, ಧರ್ಮಗುರುಗಳ ಅಥವಾ ಸಭಾಪಾಲಕರ ಸಹಿಯಿರುವ ಆಟಗಾರರ ಪಟ್ಟಿಯನ್ನು ಒಂದು ವಾರ ಮೊದಲೇ ತರಿಸಿಕೊಂಡು, ಎಲ್ಲ ನಾಯಕರಿಗೂ ತೋರಿಸಬೇಕು. ಆಕ್ಷೇಪವಿದ್ದವರು ಟಾಸ್‌ಗೆ ಮುನ್ನವೇ ಹೇಳಬೇಕು. ಸೋತ ಮೇಲೆ ನೆನಪಾಗುವ ಆಕ್ಷೇಪವನ್ನು ಸ್ವೀಕರಿಸಲಾಗದು.

ತೀರ್ಪುಗಾರರನ್ನು ಆತಿಥೇಯ ಧರ್ಮಕೇಂದ್ರದಿಂದ ಆರಿಸಬೇಡಿ. ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಸೋತವರ ಮನಸ್ಸಿನಲ್ಲಿ ಸಂಶಯ ಉಳಿಯುತ್ತದೆ. ವಾಲಿಬಾಲ್ ನಿಯಮದಂತೆ ಆಟದ ನಡುವೆ ರೆಫ್ರಿಯ ಬಳಿ ವಿವರಣೆ ಕೇಳುವ ಅಧಿಕಾರ ನಾಯಕನಿಗೆ ಮಾತ್ರ ಇದೆ, ಅದೂ ಚೆಂಡು ಆಟದಲ್ಲಿಲ್ಲದಾಗ. ಈ ಒಂದು ನಿಯಮವನ್ನು ಉದ್ಘಾಟನೆಯ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿ, ಮೊದಲ ಪಂದ್ಯದಿಂದಲೇ ಕಟ್ಟುನಿಟ್ಟಾಗಿ ಪಾಲಿಸಿದರೆ, ಆರೂ ಮಂದಿ ರೆಫ್ರಿಯ ಏಣಿಯನ್ನು ಸುತ್ತುವರಿಯುವ ದೃಶ್ಯ ತಪ್ಪುತ್ತದೆ.

ಇನ್ನು ಅಂಕಣದೊಳಗಿನ ಮಾತು. ವಾಲಿಬಾಲ್ 1895ರಲ್ಲಿ ಅಮೆರಿಕದ ಹೋಲಿಯೋಕ್ ಪಟ್ಟಣದ ವೈಎಂಸಿಎಯಲ್ಲಿ, ಅಂದರೆ ಕ್ರೈಸ್ತ ಯುವಜನರ ಸಂಸ್ಥೆಯಲ್ಲೇ, ಹುಟ್ಟಿದ ಆಟ. ಆಟಗಾರನ ಪ್ರಾಮಾಣಿಕತೆಯನ್ನು ಅದರಷ್ಟು ನೇರವಾಗಿ ಪರೀಕ್ಷಿಸುವ ಆಟಗಳು ಕಡಿಮೆ. ನಿಮ್ಮ ತಂಡ 24-23ರಿಂದ ಮುಂದಿದೆ ಎನ್ನಿ. ಎದುರಾಳಿಯ ಸ್ಮ್ಯಾಶ್ ಗೆರೆಯಾಚೆ ಬೀಳುತ್ತದೆ, ಲೈನ್‌ಮ್ಯಾನ್ ಔಟ್ ಎಂದು ಬಾವುಟ ಎತ್ತುತ್ತಾನೆ, ಸೆಟ್ ನಿಮ್ಮದಾಗುತ್ತದೆ. ಆದರೆ ಸ್ಮ್ಯಾಶ್ ತಡೆಯಲು ಬ್ಲಾಕ್‌ಗೆ ಹಾರಿದ ನಿಮ್ಮ ಹುಡುಗನ ಕಿರುಬೆರಳಿಗೆ ಚೆಂಡು ತಾಗಿದ್ದು ಅವನೊಬ್ಬನಿಗೆ ಗೊತ್ತು. ಅವನು ತಕ್ಷಣ ಕೈಯೆತ್ತಿ ‘ಟಚ್’ ಎಂದರೆ ಆ ಅಂಕ ಎದುರಾಳಿಗೆ ಹೋಗಿ 24-24 ಆಗುತ್ತದೆ. ಆ ಅರೆಕ್ಷಣದಲ್ಲಿ ಅವನು ತನ್ನಷ್ಟಕ್ಕೇ ಧೈರ್ಯ ತಂದುಕೊಳ್ಳಲಿ ಎಂದು ನಿರೀಕ್ಷಿಸುವುದು ಅವನಿಗೆ ಮಾಡುವ ಅನ್ಯಾಯ. ನಾಯಕನಾದವನು ಅಭ್ಯಾಸದ ದಿನಗಳಲ್ಲೇ ಇದನ್ನು ರೂಢಿ ಮಾಡಿಸಬೇಕು: ಅಭ್ಯಾಸ ಪಂದ್ಯಗಳನ್ನು ರೆಫ್ರಿಯಿಲ್ಲದೆ ಆಡಿಸಿ, ಟಚ್ ಮತ್ತು ನೆಟ್ ತಗಲಿದ್ದನ್ನು ಆಟಗಾರರೇ ಹೇಳುವಂತೆ ಮಾಡಬೇಕು, ಒಪ್ಪಿಕೊಂಡವನನ್ನು ತಂಡದ ಯಾರೂ ಆಗಲೂ, ಆಮೇಲೆ ಊಟದ ಸಾಲಿನಲ್ಲೂ ಮೂದಲಿಸಬಾರದೆಂದು ಎಲ್ಲರಿಂದಲೂ ಮಾತು ತೆಗೆದುಕೊಳ್ಳಬೇಕು. ಅಂತರರಾಷ್ಟ್ರೀಯ ಮಟ್ಟದ ವಾಲಿಬಾಲ್ ನೇಷನ್ಸ್ ಲೀಗ್‌ನಲ್ಲಿಯೂ ಹೀಗೆ ತಾನಾಗಿ ಟಚ್ ಒಪ್ಪಿಕೊಂಡವರಿಗೆ ಹಸಿರು ಕಾರ್ಡ್ ತೋರಿಸಿ ಗೌರವಿಸುವ ಪದ್ಧತಿ ಬಂದಿದೆ. ಒಂದು ಹಸಿರು ರಟ್ಟಿನ ತುಂಡು ನಮ್ಮ ರೆಫ್ರಿಗಳ ಕಿಸೆಯಲ್ಲೂ ಇರಲಿ ಎಂಬುದು ನನ್ನ ಒತ್ತಾಯದ ಸಲಹೆ.

ಹಗ್ಗಜಗ್ಗಾಟದಲ್ಲಿ ಕ್ರೀಡಾ ಮನೋಭಾವವೆಂದರೆ ಎದುರಾಳಿಯ ಮೈಗೆ ಪೆಟ್ಟಾಗದಂತೆ ನೋಡಿಕೊಳ್ಳುವುದೂ ಹೌದು. ಸೋಲು ಖಚಿತವಾಯಿತೆಂದು ಎಂಟೂ ಮಂದಿ ಒಮ್ಮೆಲೇ ಹಗ್ಗ ಬಿಟ್ಟರೆ ಆಚೆಯವರು ಹಿಮ್ಮುಖವಾಗಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಸೀಟಿ ಊದುವ ತನಕ ಹಗ್ಗ ಹಿಡಿದೇ ಇರಬೇಕು, ಅದನ್ನು ಕೈಗೆ ಸುತ್ತಿಕೊಳ್ಳಲೂ ಬಾರದು.

ಆಟಗಾರರಿಗಿಂತ ಹೆಚ್ಚು ಎಚ್ಚರ ಬೇಕಾಗಿರುವುದು ಮೈಕ್ ಹಿಡಿದವರಿಗೆ. ಕರಾವಳಿಯ ವೀಕ್ಷಕ ವಿವರಣೆ ತುಳು, ಕೊಂಕಣಿ, ಕನ್ನಡಗಳಲ್ಲಿ ಸರಾಗವಾಗಿ ಹರಿಯುವ ಒಂದು ಕಲೆಯೇ ಆಗಿದ್ದರೂ, ಸರ್ವಿಸ್ ತಪ್ಪಿಸಿದ ಹದಿನಾರರ ಹುಡುಗಿಯ ಹೆಸರು ಹಿಡಿದು ಗೇಲಿ ಮಾಡುವುದು ಆ ಕಲೆಗೆ ಶೋಭೆಯಲ್ಲ. ವಿವರಣೆಕಾರರಿಗೆ ಮೊದಲೇ ಹೇಳಿಡಿ: ಒಳ್ಳೆಯ ಆಟಕ್ಕೆ ಹೆಸರು ಹೇಳಿ ಹೊಗಳಬಹುದು, ತಪ್ಪಿಗೆ ಹೆಸರು ಬೇಡ. ಎದುರಾಳಿ ಸರ್ವಿಸ್ ಮಾಡುವಾಗ ನಾಸಿಕ್ ಬ್ಯಾಂಡಿನ ಡೋಲು ಬಾರಿಸುವುದು, ಗೆದ್ದ ತಂಡ ಕೈಕುಲುಕುವ ಮೊದಲೇ ಬೆಡಿ (ಪಟಾಕಿ) ಸಿಡಿಸುವುದು, ಇವೆರಡನ್ನೂ ನಿಷೇಧಿಸಿದರೆ ಸಂಭ್ರಮವೇನೂ ಕಡಿಮೆಯಾಗದು.

ಶನಿವಾರದ ಹೊನಲು ಬೆಳಕಿನ ಪಂದ್ಯಗಳನ್ನು ರಾತ್ರಿ 10ಕ್ಕೆ ಮುಗಿಸಿ. ಆ ಹೊತ್ತಿನ ನಂತರ ಧ್ವನಿವರ್ಧಕ ಬಳಸಲು ಕಾನೂನಿನಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲ, ಜೊತೆಗೆ ನಿದ್ದೆಗೆಟ್ಟವರು ಭಾನುವಾರ ಬಲಿಪೂಜೆಯಲ್ಲೋ ಆರಾಧನೆಯಲ್ಲೋ ತೂಕಡಿಸಿ, ಮಧ್ಯಾಹ್ನದ ಸೆಕೆಗೆ ಸಿಡುಕುತ್ತಾರೆ. ಪಂದ್ಯಕ್ಕೆ ಮುನ್ನ ಎರಡೂ ತಂಡಗಳು ಬೆರೆತು ನಿಂತು ಪ್ರಾರ್ಥಿಸಲಿ. ಗೆಲುವನ್ನು ಬೇಡುವುದಕ್ಕಿಂತ ಯಾರಿಗೂ ಗಾಯವಾಗದಿರಲಿ ಎಂದು ಬೇಡುವುದು ಲೇಸು. ನಿಯಮದಂತೆ ಹೋರಾಡದವನಿಗೆ ಕಿರೀಟವಿಲ್ಲ ಎಂಬರ್ಥದ ಮಾತು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿದೆ (2:5). ಭಾನುವಾರದ ಪ್ರವಚನಕ್ಕೆ ಅದು ತಕ್ಕ ವಚನ.

ಇಷ್ಟಾದರೂ ಕೆಲವೊಮ್ಮೆ ಮಾತು ಮೀರುತ್ತದೆ. ಆಗ ಹಿರಿಯರು ಹುಡುಗನ ಪರವಾಗಿ ಕ್ಷಮೆ ಕೇಳಿ ಮುಗಿಸುವುದು ಸುಲಭವಾದರೂ ಸರಿಯಲ್ಲ. ಅವನಿಗೆ ನೀರು ಕೊಟ್ಟು, ಅರ್ಧ ಗಂಟೆ ನೆರಳಿನಲ್ಲಿ ಕೂರಿಸಿ, ಬಳಿಕ ಅವನೇ ಎದುರಾಳಿಯ ಬಳಿಗೆ ಹೋಗಿ, ಏನು ಅಂದೆನೆಂಬುದನ್ನು ಹೇಳಿಯೇ ಕ್ಷಮೆ ಕೇಳುವಂತೆ ಮಾಡಬೇಕು. ನಾಯಕ ಜೊತೆಗೆ ನಿಂತರೆ ಸಾಕು, ಮಾತಾಡಬೇಕಾಗಿಲ್ಲ.

ಶಿಸ್ತಿನ ತಂಡದ ಬಹುಮಾನವನ್ನು ಬರಿಗೈಯಲ್ಲಿ ಹೋಗುವವರಿಗೆ ಕೊಡುವ ಸಮಾಧಾನವನ್ನಾಗಿಸಬೇಡಿ. ಪ್ರತಿ ಪಂದ್ಯದ ಕೊನೆಗೆ ಇಬ್ಬರು ರೆಫ್ರಿಗಳು ಎರಡೂ ತಂಡಗಳಿಗೆ ಅಂಕ ಬರೆದಿಟ್ಟು, ಸಮಾರೋಪದಲ್ಲಿ ಅದನ್ನು ಓದಿ, ಚಾಂಪಿಯನ್ನರದಷ್ಟೇ ಎತ್ತರದ ಟ್ರೋಫಿಯನ್ನು ಕೊಡಿ. ಮೊದಲ ಸುತ್ತಿನಲ್ಲೇ ಸೋತ ತಂಡಗಳೂ ಸಮಾರೋಪದವರೆಗೆ ಉಳಿಯಬೇಕೆಂದಿದ್ದರೆ ಅವರಿಗೆ ಲೈನ್‌ಮ್ಯಾನ್, ಸ್ಕೋರರ್, ಊಟ ಬಡಿಸುವ ಹೊಣೆಗಳನ್ನು ಹಂಚಿ, ಹೆಸರುಗಳನ್ನು ಶನಿವಾರವೇ ಫಲಕದಲ್ಲಿ ಬರೆದಿಡಿ.