ಸೋಲಾರಿಗೆ ಹೊಲ ಕೊಡುವ ಮುನ್ನ: ಪಹಣಿಯಲ್ಲಿ ಹೆಸರಿಲ್ಲದವರನ್ನೂ ಕರಾರಿಗೆ ಸೇರಿಸುವುದು ಹೇಗೆ

ಕಲಬುರಗಿ, ಬೀದರ, ಯಾದಗಿರಿ ಕಡೆ ಸೋಲಾರಿಗೆ ಜಮೀನು ಕೇಳಿಕೊಂಡು ಬರುವವರು ಮೊದಲು ನೋಡುವುದು ಪಹಣಿಯ 9ನೇ ಕಾಲಂ. ಮಾಲೀಕನ ಹೆಸರು ಇರುವುದು ಅಲ್ಲಿ, ಬಾಡಿಗೆ ಹೋಗುವುದೂ ಆ ಹೆಸರಿಗೇ. ಆ ಹೊಲವನ್ನು ಪಾಲಿಗೋ ಲಾವಣಿಗೋ (ವರ್ಷಕ್ಕಿಷ್ಟು ಎಂಬ ಗುತ್ತಿಗೆಗೆ) ಮಾಡುವವರು, ತೊಗರಿಯ ಕಳೆ ತೆಗೆಯಲು ಬರುವ ತಾಂಡಾದ ಹೆಣ್ಣುಮಕ್ಕಳು, ರಾಶಿ ಮುಗಿದ ಮೇಲೆ ಕುರಿ ಬಿಡುವವರು ಪಹಣಿಯ ಯಾವ ಕಾಲಂನಲ್ಲೂ ಇಲ್ಲ. 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರು ಬರಬೇಕು ನಿಜ. ಆದರೆ ಭೂಸುಧಾರಣೆ ಕಾಯ್ದೆಯ 5ನೇ ಕಲಂ ಬೇಸಾಯಕ್ಕೆ ಗೇಣಿ ಕೊಡುವುದನ್ನೇ ನಿಷೇಧಿಸಿದೆ. ಹಾಗಾಗಿ ಪಾಲಿನ ಮಾತೆಲ್ಲ ಬಾಯಿಮಾತಿನಲ್ಲೇ ನಡೆಯುತ್ತದೆ, ಕಾಗದಕ್ಕೆ ಏರುವುದಿಲ್ಲ.

ಸರ್ಕಾರ ಭೂಸ್ವಾಧೀನ ಮಾಡಿದ್ದರೆ ಪರಿಸ್ಥಿತಿ ಬೇರೆ ಇರುತ್ತಿತ್ತು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ‘ಬಾಧಿತ ಕುಟುಂಬ’ ಎಂದರೆ ಮಾಲೀಕರಷ್ಟೇ ಅಲ್ಲ. ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಆ ಜಮೀನನ್ನೇ ನಂಬಿ ಬದುಕಿದ ಕೂಲಿಕಾರರು, ಗೇಣಿದಾರರು, ಪಾಲಿಗೆ ಮಾಡುವವರೂ ಅದರಲ್ಲಿ ಬರುತ್ತಾರೆ. ಕಂಪನಿ ನೇರವಾಗಿ ರೈತರಿಂದ ಲೀಸ್ ಪಡೆದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಸೌರ ಫಲಕದ ಘಟಕಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಿಂದಲೂ ವಿನಾಯಿತಿ ಇದೆ, ಅಂದರೆ ಅದರ ಸಾರ್ವಜನಿಕ ವಿಚಾರಣೆಯೂ ಇಲ್ಲ. ಉಳಿಯುವುದು ನಿಮ್ಮ ಲೀಸ್ ಕರಾರು ಒಂದೇ. ಕಾಯ್ದೆಯ ಆ ವ್ಯಾಖ್ಯೆಯನ್ನು ಎತ್ತಿ ಕರಾರಿನಲ್ಲಿ ಬರೆಸಿಕೊಳ್ಳುವುದಕ್ಕೆ ಮಾತ್ರ ಯಾರೂ ಅಡ್ಡ ಬರುವುದಿಲ್ಲ.

ಮೊದಲ ಕೆಲಸ: ರಿಜಿಸ್ಟರ್

ರೇಟಿನ ಮಾತು ಶುರುವಾಗುವ ಮುಂಚೆಯೇ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಪ್ರತಿ ಸರ್ವೆ ನಂಬರಿಗೆ ಒಂದು ಪುಟ. ಎಡಕ್ಕೆ ಮಾಲೀಕರ ಹೆಸರು, ವಿಸ್ತೀರ್ಣ. ಬಲಕ್ಕೆ, ಕಳೆದ ಮೂರು ಹಂಗಾಮಿನಲ್ಲಿ ಪಾಲಿಗೆ ಮಾಡಿದವರು ಯಾರು, ಕಳೆಗೆ, ಕುಡಿ ಚಿವುಟಲು, ಕೊಯ್ಲಿಗೆ, ರಾಶಿಗೆ ಯಾವ ಮನೆಯಿಂದ ಎಷ್ಟು ಆಳು, ತೊಗರಿ ಕಟ್ಟಿಗೆ ಒಯ್ದವರು ಯಾರು, ಹೊಟ್ಟು ಯಾರ ದನಕ್ಕೆ ಹೋಯಿತು. ಕಟ್ಟಿಗೆಯನ್ನು ಮರೆಯಬೇಡಿ: ಎಷ್ಟೋ ಮನೆಯಲ್ಲಿ ಒಲೆ ಉರಿಯುವುದು ಅದರಿಂದಲೇ. ಹೊಲಕ್ಕೆ ಬೇಲಿ ಬಿದ್ದರೆ ಆ ಮನೆಯವರು ಸಿಲಿಂಡರಿಗೆ ದುಡ್ಡು ಹೊಂದಿಸಬೇಕು.

ಗುಳೆ ಹೋದವರು ಊರಲ್ಲಿ ಇಲ್ಲದಾಗ ಈ ಕೆಲಸ ಮಾಡಿದರೆ ಅರ್ಧ ತಾಂಡಾ ಬಿಟ್ಟುಹೋಗುತ್ತದೆ. ಮುಂಬೈ, ಪುಣೆ, ಹೈದರಾಬಾದಿಗೆ ಹೋದವರು ಹೋಳಿಗೋ ಯುಗಾದಿಗೋ ಬಂದಾಗ ಕೂತು ಬರೆಯಿರಿ. ಬರೆದದ್ದನ್ನು ಮೊದಲು ವಾರ್ಡ್ ಸಭೆಯಲ್ಲಿ, ಆಮೇಲೆ ಗ್ರಾಮ ಸಭೆಯಲ್ಲಿ ಓದಿಸಿ ನಡಾವಳಿಗೆ ಸೇರಿಸಿ. ಪಿಡಿಒ ಸಹಿಯಾದ ನಡಾವಳಿಯ ನಕಲು ನಿಮ್ಮ ಕೈಯಲ್ಲಿ ಇರಲಿ. ‘ಪಾಲಿಗೆ ಮಾಡುತ್ತಾರೆ’ ಎಂದು ಬರೆದರೆ ಜಮೀನು ಕೈತಪ್ಪಿತೆಂಬ ಹೆದರಿಕೆ ಮಾಲೀಕರಿಗೆ ಇರುತ್ತದೆ. ಅದಕ್ಕೇ ರಿಜಿಸ್ಟರಿನ ತಲೆಯಲ್ಲಿ ‘ಇದು ದುಡಿಮೆಯ ಲೆಕ್ಕ, ಗೇಣಿ ಹಕ್ಕಿನ ದಾಖಲೆಯಲ್ಲ’ ಎಂದು ಬರೆಯಿರಿ. ಇಲ್ಲದಿದ್ದರೆ ಒಬ್ಬ ಮಾಲೀಕನೂ ಬಾಯಿ ಬಿಡುವುದಿಲ್ಲ.

ಲೆಕ್ಕ ಹೀಗೆ ಹಾಕಿ. 100 ಮೆಗಾವಾಟಿಗೆ 400ರಿಂದ 500 ಎಕರೆ ಬೇಕು. ಎಕರೆಗೆ ವರ್ಷಕ್ಕೆ 12 ಆಳು (ಒಂದು ಆಳು ಎಂದರೆ ಒಬ್ಬರ ಒಂದು ದಿನದ ಕೂಲಿ) ಬಿತ್ತೆಂದು ಹಿಡಿದರೆ 500 ಎಕರೆಗೆ 6,000 ಆಳು. 60 ಮನೆಗೆ ಹಂಚಿದರೆ ಮನೆಗೆ 100 ದಿನದ ಕೂಲಿ. ನಿಮ್ಮ ಊರಿನ ಅಂಕಿ ಬೇರೆ ಬಂದೀತು, ರಿಜಿಸ್ಟರಿನಿಂದಲೇ ತೆಗೆಯಿರಿ. ಕಂಪನಿಯ ಮುಂದೆ ‘ಬಡವರಿಗೂ ಏನಾದರೂ ಮಾಡಿ’ ಎಂದು ಕೈಮುಗಿಯುವುದಕ್ಕೂ ‘6,000 ಆಳಿನ ಕೂಲಿ ಹೋಗುತ್ತದೆ’ ಎಂದು ಕಾಗದ ಇಡುವುದಕ್ಕೂ ಬಹಳ ಅಂತರವಿದೆ.

ಕಾಗದಪತ್ರ

ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲಿದ್ದರೆ ಮೊದಲು ಫೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿ. ಹಿಂದೂ ಕುಟುಂಬವಾದರೆ 2005ರ ತಿದ್ದುಪಡಿಯ ಪ್ರಕಾರ ಹೆಣ್ಣುಮಕ್ಕಳಿಗೂ ಸಮಪಾಲು. ಅಕ್ಕತಂಗಿಯರ ಸಹಿ ಬಿಟ್ಟು ಮಾಡಿದ ಲೀಸು ಮುಂದೆ ಕೋರ್ಟಿಗೆ ಹೋದರೆ ಬಾಡಿಗೆ ನಿಲ್ಲುವ ಸಂಭವವೇ ಹೆಚ್ಚು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಡುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು. 11ನೇ ಕಾಲಂನಲ್ಲಿ ಬ್ಯಾಂಕಿನ ಇಲ್ಲವೇ ಸೊಸೈಟಿಯ ಬೋಜಾ (ಜಮೀನಿನ ಮೇಲಿನ ಸಾಲದ ನಮೂದು) ಇದ್ದರೆ ಅವರ ನಿರಾಕ್ಷೇಪಣೆ ಪತ್ರ ತರಬೇಕು.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ವಿಶೇಷ ಎಚ್ಚರ ಬೇಕು. ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ‘ವರ್ಗಾವಣೆ’ ಎಂಬುದರೊಳಗೆ ಲೀಸೂ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಕರಾರಿಗೆ ಬೆಲೆ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಜಿಪಿಎಯಿಂದ, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರವನ್ನು ಇನ್ನೊಬ್ಬರಿಗೆ ಬರೆದುಕೊಡುವ ಪತ್ರದಿಂದ. ಏಜೆಂಟ್ ಎಕರೆಗೆ ಒಂದಷ್ಟು ಮುಂಗಡ ಕೊಟ್ಟು ‘ಲೀಸಿಗೆ ಒಪ್ಪಿಗೆ’ ಎಂದು ಸಹಿ ಹಾಕಿಸಿಕೊಳ್ಳುತ್ತಾನೆ. ಕೆಳಗಿನ ಹಾಳೆಯಲ್ಲಿ ರದ್ದು ಮಾಡಲಾಗದ ಜನರಲ್ ಪವರ್ ಆಫ್ ಅಟಾರ್ನಿ ಇರುತ್ತದೆ. ಅವನು ಅದನ್ನು ಇನ್ನೊಬ್ಬರಿಗೆ ದಾಟಿಸಿ ನಡುವಿನ ಲಾಭ ತಿನ್ನುತ್ತಾನೆ. ಜಿಪಿಎ ಬೇಡವೇ ಬೇಡ. ಒಂದು ವರ್ಷ ಮೀರಿದ ಲೀಸು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಆ ಖರ್ಚು, ಮುದ್ರಾಂಕ ಶುಲ್ಕ ಎರಡೂ ಕಂಪನಿಯದೇ ಎಂದು ಬರೆಸಿ. ಸಾಲಕ್ಕೆ ಅಡ ಇಡುವುದಿದ್ದರೆ ಕಂಪನಿ ತನ್ನ ಘಟಕವನ್ನು, ಲೀಸಿನ ಹಕ್ಕನ್ನು ಇಡಲಿ, ಜಮೀನನ್ನಲ್ಲ. ಈ ಸಾಲೂ ಕರಾರಿನಲ್ಲಿ ಇರಬೇಕು.

ಬಾಡಿಗೆ ಏರಿಕೆಯ ಗಣಿತ

ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕಿನಲ್ಲಿ ಸುಮಾರು 13,000 ಎಕರೆಯನ್ನು 28 ವರ್ಷಕ್ಕೆ ಲೀಸ್ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಕೇಳಲು ಚೆನ್ನಾಗಿದೆ. ಈ ಲೆಕ್ಕದಲ್ಲಿ ಕೊನೆಯ ವರ್ಷದ ಬಾಡಿಗೆ ಸುಮಾರು 39,600. ಅದೇ ಶೇ 5 ಪ್ರತಿ ವರ್ಷ ಏರಿದ್ದರೆ 78,400. ಕರಾರಿನಲ್ಲಿ ‘ಎರಡು ವರ್ಷಕ್ಕೊಮ್ಮೆ’ ಎಂಬ ಮಾತಿಗೆ ಇಷ್ಟು ಬೆಲೆ.

ತೊಗರಿ ನಾಡಿನವರಿಗೆ ಇದಕ್ಕಿಂತ ಗಟ್ಟಿ ದಾರಿ ಇದೆ: ಬಾಡಿಗೆಯನ್ನು ತೊಗರಿಯ ಬೆಂಬಲ ಬೆಲೆಗೆ ಕಟ್ಟಿ. 2015-16ರಲ್ಲಿ ಬೋನಸ್ ಸೇರಿ ಕ್ವಿಂಟಲಿಗೆ 4,625 ಇದ್ದದ್ದು 2025-26ಕ್ಕೆ 8,000 ಆಯಿತು. 21,000ದಿಂದ ಶುರುವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ 5ರಂತೆ ಏರಿದರೆ ಹತ್ತು ವರ್ಷದಲ್ಲಿ 26,800 ಆಗುತ್ತದೆ. ತೊಗರಿಯ ಜೊತೆ ಏರಿದ್ದರೆ 36,300. ಕರಾರಿನ ಸಾಲು ಹೀಗಿರಲಿ: ‘ಎಕರೆಗೆ ವಾರ್ಷಿಕ ಬಾಡಿಗೆಯು 2 ಕ್ವಿಂಟಲ್ 65 ಕಿಲೋ ತೊಗರಿಯ ಆ ಸಾಲಿನ ಬೆಂಬಲ ಬೆಲೆ ಅಥವಾ ಹಿಂದಿನ ವರ್ಷದ ಬಾಡಿಗೆ, ಯಾವುದು ಹೆಚ್ಚೋ ಅದು.’ ಕಿಲೋ ಎಷ್ಟೆಂಬುದು ನಿಮ್ಮ ಚೌಕಾಸಿಗೆ ಬಿಟ್ಟದ್ದು. ಬಾಡಿಗೆ ಸಹಿಯ ದಿನದಿಂದಲೇ ಶುರುವಾಗಬೇಕು. ‘ವಿದ್ಯುತ್ ಉತ್ಪಾದನೆ ಆರಂಭವಾದ ಮೇಲೆ’ ಎಂದಿದ್ದರೆ ಹೊಲ ಬಿತ್ತದೆ ಬೀಳು ಬಿದ್ದಿರುತ್ತದೆ, ಕೈಗೆ ಕಾಸಿಲ್ಲ. ಒಂದು ವರ್ಷದ ಬಾಡಿಗೆ ಠೇವಣಿಯಾಗಿರಲಿ. ಬೆಳೆ ಇಲ್ಲದ ಜಮೀನಿಗೆ ಬೆಳೆ ಸಾಲವೂ ಇಲ್ಲ, ಬೆಳೆ ವಿಮೆಯೂ ಇಲ್ಲ ಎಂಬುದನ್ನೂ ಲೆಕ್ಕದಲ್ಲಿ ಹಿಡಿಯಿರಿ.

ಜಮೀನಿಲ್ಲದವರ ಪಾಲು

‘ಸಿಎಸ್‌ಆರ್‌ನಿಂದ (ಕಂಪನಿಯ ಸಾಮಾಜಿಕ ಹೊಣೆಯ ಹಣದಿಂದ) ಮಾಡುತ್ತೇವೆ’ ಎಂಬ ಭರವಸೆಯನ್ನು ನಂಬಿ ಕೂರಬೇಡಿ. ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ಲಾಭದ ಶೇ 2 ಖರ್ಚು ಕಡ್ಡಾಯವಾಗುವುದು ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ಲಾಭ 5 ಕೋಟಿ ಮುಟ್ಟಿದ ಕಂಪನಿಗೆ. ಒಂದು ಘಟಕಕ್ಕೆಂದೇ ಹುಟ್ಟುಹಾಕಿದ ಹೊಸ ಕಂಪನಿ ಮೊದಲ ವರ್ಷಗಳಲ್ಲಿ ಈ ಯಾವ ಗೆರೆಯನ್ನೂ ಮುಟ್ಟದೆ ಇರಬಹುದು. ಅದರ ಬದಲು ಕರಾರಿನಲ್ಲೇ ದುಡಿಮೆ ನಿಧಿ ಬರೆಸಿ: ಎಕರೆಗೆ ವರ್ಷಕ್ಕೆ ಇಷ್ಟು, ರೈತರ ಬಾಡಿಗೆಯಲ್ಲಿ ಮುರಿಯದೆ ಕಂಪನಿಯೇ ಕೊಡಬೇಕು, ಬಾಡಿಗೆಯಂತೆಯೇ ಏರಬೇಕು. ಹಣ ಪಂಚಾಯಿತಿಯ ಸಾಮಾನ್ಯ ಖಾತೆಗೆ ಬಿದ್ದರೆ ಚರಂಡಿ ಕಾಮಗಾರಿಗೆ ಹೋಗಿಬಿಡುತ್ತದೆ. ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಪ್ರತ್ಯೇಕ ಖಾತೆ ತೆರೆದು ರಿಜಿಸ್ಟರಿನಲ್ಲಿರುವ ಮನೆಗಳಿಗೇ ಹಂಚಿ.

ಕೆಲಸದ ಮಾತೂ ಬರುತ್ತದೆ. ಕಟ್ಟುವ ಕಾಲದಲ್ಲಿ ನೂರಾರು ಜನ ಬೇಕು, ಆಮೇಲೆ ಫಲಕ ತೊಳೆಯಲು, ಹುಲ್ಲು ಕೊಯ್ಯಲು, ಕಾವಲಿಗೆ ಕೆಲವೇ ಮಂದಿ. ಐಟಿಐ ಎಲೆಕ್ಟ್ರಿಷಿಯನ್ ಕೋರ್ಸಿಗೆ ಎರಡು ವರ್ಷ ಬೇಕು. ಲೀಸಿನ ಮಾತು ಬಂದ ವರ್ಷವೇ ಹತ್ತನೇ ತರಗತಿ ಪಾಸಾದವರನ್ನು ಸೇರಿಸಿದರೆ ಮಾತ್ರ ಘಟಕ ಶುರುವಾಗುವ ಹೊತ್ತಿಗೆ ಊರಿನವರು ತಯಾರಿರುತ್ತಾರೆ. ಹುಲ್ಲಿಗೆ ಕಳೆನಾಶಕ ಹೊಡೆಯುವ ಬದಲು ಕುರಿ ಮೇಯಿಸಲು ಬಿಡಬೇಕೆಂದು ಬರೆಸಿ. ಕುರಿಗೆ ಮಾತ್ರ; ಆಡು ಫಲಕದ ಮೇಲೆ ಹತ್ತುತ್ತದೆ, ಆ ವಾದದಲ್ಲಿ ಕಂಪನಿ ಹೇಳುವುದೇ ಸರಿ.

ಬೇಲಿ, ದಾರಿ, ನೀರು

ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಚುಕ್ಕೆಗೆರೆಯಾಗಿ ಇರುತ್ತದೆ. ಬೇಲಿಯ ನಕ್ಷೆಯನ್ನು ಅದರ ಮೇಲಿಟ್ಟು ನೋಡಿ. ನಕ್ಷೆಯಲ್ಲಿಲ್ಲದ ರೂಢಿ ದಾರಿಯನ್ನೂ, ಗಾಯರಾಣಕ್ಕೆ (ಊರ ಗೋಮಾಳಕ್ಕೆ) ದನ ಹೋಗುವ ದಾರಿಯನ್ನೂ ಕೆಂಪು ಪೆನ್ನಿನಲ್ಲಿ ಗುರುತಿಸಿ ಕರಾರಿಗೆ ಲಗತ್ತಿಸಿ. ಕರಿ ಎರೆ ನೆಲ ನೀರನ್ನು ನಿಧಾನ ಇಂಗಿಸುತ್ತದೆ. ಬದು ಕಿತ್ತು ಸಮ ಮಾಡಿದರೆ ಫಲಕದ ಮೇಲೆ ಬಿದ್ದ ಮಳೆಯೆಲ್ಲ ಕೆಳಗಿನ ಹೊಲಕ್ಕೆ ನುಗ್ಗುತ್ತದೆ, ಆ ಹೊಲದವರಿಗೋ ಬಾಡಿಗೆಯೂ ಇಲ್ಲ. ಹಳ್ಳದ ಹರಿವು ಬದಲಿಸಬಾರದು, ಬದುಗಾಲುವೆಯನ್ನು ಕಂಪನಿಯೇ ತೋಡಬೇಕು, ಫಲಕ ತೊಳೆಯಲು ಊರಿನ ಬೋರ್‌ವೆಲ್ ನೀರು ಎತ್ತಬಾರದು, ಈ ಮೂರನ್ನೂ ಬರೆಸಿ.

ಲೀಸ್ ಮುಗಿದಾಗ ನೆಲದೊಳಗಿನ ಕಂಬ, ಕಾಂಕ್ರೀಟ್, ಕೇಬಲ್ ತೆಗೆಯುವವರು ಯಾರು? 28 ವರ್ಷದ ಹೊತ್ತಿಗೆ ಆ ಕಂಪನಿಯೇ ಇರಲಿಕ್ಕಿಲ್ಲ. ತೆರವಿನ ಖರ್ಚಿಗೆ ಬ್ಯಾಂಕ್ ಗ್ಯಾರಂಟಿ ಕೇಳಿ, ಅದನ್ನು ಐದು ವರ್ಷಕ್ಕೊಮ್ಮೆ ಆಗಿನ ದರಕ್ಕೆ ತಕ್ಕಂತೆ ನವೀಕರಿಸಬೇಕೆಂದು ಸೇರಿಸಿ. ಕಂಪನಿ ಕೈ ಬದಲಾದರೆ ದುಡಿಮೆ ನಿಧಿ, ದಾರಿ, ಗ್ಯಾರಂಟಿ ಮೂರೂ ಹೊಸ ಮಾಲೀಕರಿಗೆ ಬದ್ಧ ಎಂಬ ಸಾಲು ಕನ್ನಡ ಪ್ರತಿಯಲ್ಲೂ ಇಂಗ್ಲಿಷ್ ಪ್ರತಿಯಲ್ಲೂ ಇದೆಯೇ ಎಂದು ನೋಂದಣಿಯ ಹಿಂದಿನ ದಿನ ವಕೀಲರ ಹತ್ತಿರ ಕೂತು ಸಾಲು ಸಾಲಾಗಿ ತಾಳೆ ನೋಡಿ. ಎರಡೂ ಪ್ರತಿ ಒಂದಕ್ಕೊಂದು ಹೊಂದದಿದ್ದರೆ ಕನ್ನಡದ್ದೇ ಅಂತಿಮ ಎಂದೂ ಸೇರಿಸಿ.