ಯಾರ ಮೇಲೆ ಕೋಪ ಬಂತು? – ಕಾಡುವ ಸಿನಿಮಾ ನೋಡುವ ಒಂದು ಬಗೆ

‘ಬದುಕನ್ನು ಬೇರೆ ಥರ ನೋಡುವ ಹಾಗೆ ಮಾಡುವ ಸಿನಿಮಾ ಹೇಳಿ’ ಅಂತ ಸ್ನೇಹಿತರು ಆಗಾಗ ಕೇಳುತ್ತಾರೆ. ಪಟ್ಟಿ ಕೊಡುವುದು ಸುಲಭ. ಆದರೆ ಒಂದೇ ಸಿನಿಮಾ ಒಬ್ಬರನ್ನು ವಾರಗಟ್ಟಲೆ ಕಾಡುತ್ತದೆ, ಇನ್ನೊಬ್ಬರು ಅರ್ಧಕ್ಕೇ ಆಕಳಿಸುತ್ತಾರೆ. ಹಾಗಾಗಿ ಪಟ್ಟಿಯ ಜೊತೆಗೆ ನಾನು ನೋಡುವ ರೀತಿಯನ್ನೂ ಹೇಳಿಬಿಡುತ್ತೇನೆ. ಕೊನೆ ಗೊತ್ತಾಗಬಾರದು ಅನ್ನುವವರು ಮೊದಲು ಸಿನಿಮಾ ನೋಡಿ ಬನ್ನಿ, ಯಾಕೆಂದರೆ ಕೊನೆಗಳನ್ನು ಹೇಳದೆ ಇದನ್ನು ಬರೆಯಲಾಗುವುದಿಲ್ಲ.

ಮೊದಲು ಆಯ್ಕೆ. ಪಾತ್ರಗಳೇ ಬದುಕಿನ ಬಗ್ಗೆ ಉದ್ದುದ್ದ ಡೈಲಾಗ್ ಹೊಡೆಯುವ ಸಿನಿಮಾ ಕಂಡರೆ ನನಗೆ ಅನುಮಾನ. ಎಲ್ಲ ಅವರೇ ಹೇಳಿಬಿಟ್ಟರೆ ನಮಗೇನು ಉಳಿಯಿತು? ಒಂದು ಸಣ್ಣ ತೊಂದರೆಯ ಬೆನ್ನು ಹತ್ತಿದ ಕತೆ ಹುಡುಕಿ. ವಿಟ್ಟೋರಿಯೊ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ (1948) ಅಂಥದ್ದು. ಸೈಕಲ್ ಇದ್ದರಷ್ಟೇ ಕೆಲಸ. ಆ ಸೈಕಲ್ಲೇ ಕಳುವಾಗುತ್ತದೆ. ಅಪ್ಪ, ಮಗ ರೋಮ್‌ನ ಬೀದಿ ಬೀದಿ ಹುಡುಕುತ್ತಾರೆ. ಅಷ್ಟೇ ಕತೆ.

ನೋಡಲು ಕೂತಾಗ ಫೋನ್ ಬೇರೆ ಕೋಣೆಯಲ್ಲಿರಲಿ. ವಿಮರ್ಶೆ ಆಮೇಲೆ ಓದಿದರಾಯಿತು. ನಿಧಾನ ಅಂತ ವೇಗ ಹೆಚ್ಚಿಸಿಕೊಂಡು ನೋಡುವುದಾದರೆ ನೋಡಲೇಬೇಡಿ.

ಇನ್ನು ಮುಖ್ಯ ಕೆಲಸ. ‘ಇದರ ಸಂದೇಶ ಏನು’ ಅಂತ ಹುಡುಕಲು ಹೋಗಬೇಡಿ. ‘ನಾನೀಗ ಯಾರ ಪರ ಇದ್ದೀನಿ, ಯಾರ ಮೇಲೆ ಸಿಟ್ಟಾಗಿದ್ದೀನಿ’ ಅಂತ ಆಗಾಗ ನಿಮ್ಮನ್ನೇ ಕೇಳಿಕೊಳ್ಳಿ. ಆ ಉತ್ತರ ಎಲ್ಲಿ ಬದಲಾಯಿತೋ ಅಲ್ಲೇ ಸಿನಿಮಾ ನಿಮ್ಮೊಳಗೆ ಏನೋ ಮಾಡಿದೆ. ‘ಬೈಸಿಕಲ್ ಥೀವ್ಸ್’ ಉದ್ದಕ್ಕೂ ನಾವು ಕಳ್ಳನನ್ನು ಬೈಯುತ್ತಾ ಇರುತ್ತೇವೆ. ಕೊನೆಗೆ ಆ ಅಪ್ಪನೇ ಬೇರೆಯವರ ಸೈಕಲ್ ಹತ್ತಿ ಓಡುತ್ತಾನೆ. ಕಳ್ಳ ಸಿಗಲಿ ಅಂತ ಅಷ್ಟು ಹೊತ್ತು ಕಾದವರೇ, ಈ ಕಳ್ಳ ಸಿಗದಿರಲಿ ಅಂತ ಬೇಡಿಕೊಳ್ಳುತ್ತೇವೆ. ಇಂಥ ಕಡೆ ನಿಲ್ಲಿ. ಬೇಕಾದರೆ ಪಾಜ್ (pause) ಒತ್ತಿ.

ಸಿಡ್ನಿ ಲುಮೆಟ್ ಅವರ ‘12 ಆಂಗ್ರಿ ಮೆನ್’ (1957) ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಕೊಲೆ ಆರೋಪ ಹೊತ್ತ ಹುಡುಗನ ಬಗ್ಗೆ ಹನ್ನೆರಡು ಜ್ಯೂರಿಗಳು, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನ, ತೀರ್ಮಾನ ಮಾಡಬೇಕು. ಮೊದಲ ಮತದಲ್ಲೇ ಹನ್ನೊಂದು ಜನ ‘ತಪ್ಪಿತಸ್ಥ’ ಅನ್ನುತ್ತಾರೆ. ಒಬ್ಬ ಮಾತ್ರ ಒಪ್ಪುವುದಿಲ್ಲ. ನೋಡುವಾಗ ಆ ಒಬ್ಬನನ್ನು ಬಿಡಿ, ಅವನ ಪರ ಇರುವುದು ಸುಲಭ. ಉಳಿದ ಹನ್ನೊಂದರಲ್ಲಿ ಒಬ್ಬನನ್ನು ಆರಿಸಿಕೊಂಡು ಅವನು ಯಾವ ಮಾತಿಗೆ ಅಲುಗಾಡಿದ ಅಂತ ಗಮನಿಸಿ. ಎರಡನೇ ಸಲ ನೋಡುವುದಾದರೆ ಕ್ಯಾಮೆರಾ ನೋಡಿ. ಶುರುವಿನಲ್ಲಿ ಅದು ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ, ಹೋಗುತ್ತಾ ಹೋಗುತ್ತಾ ಕೆಳಗಿಳಿಯುತ್ತದೆ. ಲೆನ್ಸ್‌ಗಳೂ ಬದಲಾಗುತ್ತವೆ. ಗೋಡೆ ಹತ್ತಿರ ಬಂದ ಹಾಗೆ, ಸೂರು ತಲೆ ಮೇಲೆ ಕೂತ ಹಾಗೆ ಅನ್ನಿಸುತ್ತದೆ. ಉಸಿರುಗಟ್ಟುವುದು ಸುಮ್ನೆ ಅಲ್ಲ.

ಕತೆ ಯಾರ ಕಣ್ಣಿನಿಂದ ಕಾಣುತ್ತಿದೆ ಅನ್ನುವುದನ್ನೂ ನೋಡಿಕೊಳ್ಳಿ. ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ದಲ್ಲಿ (1977) ವಿಧವೆ ಯಮುನಾಳ ಪಾಡನ್ನು ನಾಣಿ ಅನ್ನುವ ಪುಟ್ಟ ಹುಡುಗ ನೋಡುತ್ತಾನೆ. ಅವನಿಗೆ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಎಲ್ಲ ತಿಳಿದ ದೊಡ್ಡವರು ಅವಳ ಕೈಬಿಡುತ್ತಾರೆ.

ಮುಗಿದ ಮೇಲೆ ‘ಹೇಗಿತ್ತು?’ ಅಂತ ಕೇಳಬೇಡಿ. ‘ಚೆನ್ನಾಗಿತ್ತು’ ಅನ್ನುವಲ್ಲಿಗೆ ಮಾತು ಸತ್ತುಹೋಗುತ್ತದೆ. ‘ಯಾರ ಮೇಲೆ ಕೋಪ ಬಂತು?’ ಅಂತ ಕೇಳಿ. ನನಗೂ ನನ್ನ ತಂಗಿಗೂ ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ ‘ಇಕಿರು’ (1952) ಬಗ್ಗೆ ಇವತ್ತಿಗೂ ಜಗಳ. ಅದರಲ್ಲಿ ವಟನಾಬೆ ಅನ್ನುವ ಹಿರಿಯ ಅಧಿಕಾರಿ ಕಡತಗಳ ನಡುವೆಯೇ ಆಯುಷ್ಯ ಕಳೆದಿರುತ್ತಾನೆ. ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಮಕ್ಕಳಿಗೊಂದು ಪಾರ್ಕ್ ಮಾಡಿಸಲು ಓಡಾಡುತ್ತಾನೆ. ಸಿನಿಮಾ ಇನ್ನೂ ಸಾಕಷ್ಟು ಬಾಕಿ ಇರುವಾಗಲೇ ಅವನು ತೀರಿಕೊಂಡಿರುತ್ತಾನೆ! ಉಳಿದದ್ದು ಸಹೋದ್ಯೋಗಿಗಳು ಕೂತು ಕುಡಿಯುತ್ತಾ ಅವನ ಬಗ್ಗೆ ಆಡುವ ಮಾತು. ನಾವೂ ಅವನ ಹಾಗೆ ದುಡಿಯೋಣ ಅಂತ ಅತ್ತು ಆಣೆ ಮಾಡುತ್ತಾರೆ. ಆಮೇಲೆ ಕಚೇರಿಯಲ್ಲಿ ಮತ್ತದೇ ಹಳೇ ಚಾಳಿ. ಒಬ್ಬ ಮಾತ್ರ ತಡೆಯಲಾರದೆ ದಿಢೀರ್ ಎದ್ದು ನಿಲ್ಲುತ್ತಾನೆ, ಏನೂ ಹೇಳದೆ ಮತ್ತೆ ಕೂತುಬಿಡುತ್ತಾನೆ. ತಂಗಿಗೆ ಅವನ ಮೇಲೇ ಕೋಪ ಜಾಸ್ತಿ, ಹೇಡಿ ಅನ್ನುತ್ತಾಳೆ. ನನಗೆ ಅವನೊಬ್ಬನೇ ಪರವಾಗಿಲ್ಲ ಅನ್ನಿಸುತ್ತದೆ, ಎದ್ದನಲ್ಲ! ಈ ಜಗಳದಲ್ಲಿ ನಮ್ಮಿಬ್ಬರ ಕೆಲಸದ ಜಾಗದ ಸಂಗತಿಗಳೆಲ್ಲ ಹೊರಗೆ ಬಂದಿವೆ. ಬೇರೆ ಹೇಗೆ ಕೇಳಿದ್ದರೂ ಬರುತ್ತಿರಲಿಲ್ಲ.

ಒಬ್ಬರೇ ನೋಡುವವರು ಒಂದೆರಡು ಸಾಲು ಬರೆದಿಡಿ: ಯಾರನ್ನು ಹೀಗಳೆದೆ, ಎಲ್ಲಿ ಮನಸ್ಸು ಸಡಿಲಾಯಿತು. ವರ್ಷಗಳ ಮೇಲೆ ಅದೇ ಸಿನಿಮಾ ನೋಡಿದಾಗ ಆ ಸಾಲುಗಳು ಉಪಯೋಗಕ್ಕೆ ಬರುತ್ತವೆ. ಜಪಾನಿನ ಇನ್ನೊಬ್ಬ ನಿರ್ದೇಶಕ ಯಸುಜಿರೊ ಒಜು ಅವರ ‘ಟೋಕಿಯೋ ಸ್ಟೋರಿ’ (1953) ಮೊದಲು ನೋಡಿದಾಗ, ಊರಿಂದ ಬಂದ ಅಪ್ಪ ಅಮ್ಮನಿಗೆ ಸಮಯ ಕೊಡದ ಮಕ್ಕಳನ್ನು ನಾನು ಚೆನ್ನಾಗಿ ಬೈದು ಬರೆದಿದ್ದೆ. ಈಗ ಓದಿದರೆ ನಗು ಬರುತ್ತದೆ. ಬ್ಯೂಟಿ ಪಾರ್ಲರ್ ನಡೆಸುವ ಆ ಮಗಳ ಗಡಿಬಿಡಿ ಈಗ ನನ್ನದೂ ಹೌದು.

ಎಲ್ಲಿಂದ ಶುರು ಮಾಡಲಿ ಅಂದರೆ, ‘12 ಆಂಗ್ರಿ ಮೆನ್’. 96 ನಿಮಿಷ, ಬೇಜಾರಾಗುವ ಮಾತೇ ಇಲ್ಲ. ಆಮೇಲೆ ‘ಬೈಸಿಕಲ್ ಥೀವ್ಸ್’. ‘ಇಕಿರು’ ಎರಡು ಗಂಟೆಗಿಂತ ಜಾಸ್ತಿ, ಅದನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳಿ. ಯಾವುದಾದರೂ ಅರ್ಧ ಗಂಟೆಯಾದರೂ ಹಿಡಿಸದಿದ್ದರೆ ನಿಲ್ಲಿಸಿ, ಇನ್ನೊಂದು ವರ್ಷ ನೋಡಿದರಾಯಿತು. ಒಂದೇ ರಾತ್ರಿ ಎರಡು ಮಾತ್ರ ಬೇಡ.