ಹಾಸನದಿಂದ ರಾಮೇಶ್ವರಕ್ಕೆ ಹೊರಟಿದ್ದೀರಾ? ಪಾಂಬನ್ ದಾಟುವಾಗ ರೈಲಿನಲ್ಲಿರಿ

ನಮ್ಮ ಕಡೆಯವರು ರಾಮೇಶ್ವರಕ್ಕೆ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ಹೋಗ್ತಾರೆ, 22 ತೀರ್ಥದಲ್ಲಿ ಮಿಂದು, ದರ್ಶನ ಮುಗಿಸಿ, ಅದೇ ಗಾಡಿಯಲ್ಲಿ ವಾಪಸ್. ಆದರೆ ರಾಮೇಶ್ವರ ಇರುವ ದ್ವೀಪವನ್ನು ಮುಕ್ಕಾಲು ಶತಮಾನ ಸಾಕಿದ್ದೇ ರೈಲು. ಅಲ್ಲಿಗೆ ಸಮುದ್ರದ ಮೇಲೆ ಹಾಕಿರುವ ಪಾಂಬನ್ ಸೇತುವೆಯನ್ನು ಒಮ್ಮೆಯಾದರೂ ರೈಲಿನಲ್ಲೇ ದಾಟಿ.

ಹಾಸನದಿಂದ ಮೈಸೂರು ಅಥವಾ ಬೆಂಗಳೂರಿಗೆ ಹೋಗಿ ತೂತುಕುಡಿ ಎಕ್ಸ್‌ಪ್ರೆಸ್ ಹಿಡಿದರೆ ಬೆಳಿಗ್ಗೆ ಮದುರೈ. ಅಲ್ಲಿಂದ ರಾಮೇಶ್ವರಕ್ಕೆ ಹಗಲಿನ ಪ್ಯಾಸೆಂಜರ್ ಹತ್ತಿ. ರಾತ್ರಿ ರೈಲು ಬೇಡ, ಕತ್ತಲಲ್ಲಿ ಸಮುದ್ರ ದಾಟಿದರೆ ಏನು ಕಂಡ ಹಾಗಾಯ್ತು? ಸೇತುವೆಗೆ ಮುಂಚಿನ ಮಂಡಪಂ ಸ್ಟೇಷನ್ ಬರುವಷ್ಟರಲ್ಲಿ ಕಿಟಕಿ ಪಕ್ಕ ಸೇರಿಕೊಳ್ಳಿ.

ಸೇತುವೆ ಎರಡು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಮೊದಲನೆಯದು 1914ರದ್ದು. ಹಡಗು ಬಂದಾಗ ಅದರ ನಡುವಿನ ಎರಡು ತೋಳುಗಳನ್ನು ಜನರೇ ಲಿವರ್ ತಿರುಗಿಸಿ ಮೇಲೆತ್ತುತ್ತಿದ್ದರು. 2022ರ ಕೊನೆಯಲ್ಲಿ ಅದರ ಮೇಲೆ ರೈಲು ನಿಂತಿತು. ಈಗ ನೀವು ದಾಟುವುದು ಏಪ್ರಿಲ್ 2025ರಲ್ಲಿ ಶುರುವಾದ ಹೊಸ ಸೇತುವೆ. ಇದರಲ್ಲಿ 72.5 ಮೀಟರ್ ಉದ್ದದ ಭಾಗ ಹಳಿ ಸಮೇತ ಲಿಫ್ಟಿನ ಹಾಗೆ ನೇರ ಮೇಲೇರುತ್ತದೆ. ಅದನ್ನು ನೋಡಲು ಮಾತ್ರ ಪಕ್ಕದ ರಸ್ತೆ ಸೇತುವೆಯೇ ಒಳ್ಳೆಯ ಜಾಗ, ಹಾಗಾಗಿ ಹೋಗುವಾಗ ರೈಲು, ಬರುವಾಗ ಬಸ್ಸು ಅಂತ ಇಟ್ಟುಕೊಳ್ಳಿ. ಆ ರಸ್ತೆ ಆಗಿದ್ದು 1988ರಲ್ಲಿ. ಅಲ್ಲಿಯವರೆಗೆ ದ್ವೀಪದವರಿಗೆ ರೈಲು, ಇಲ್ಲದಿದ್ದರೆ ದೋಣಿ, ಅಷ್ಟೇ.

ನವೆಂಬರ್, ಡಿಸೆಂಬರ್ ಚಂಡಮಾರುತದ ಕಾಲ. ಸಕಲೇಶಪುರ ಘಾಟಿಯಲ್ಲಿ ಮಳೆಗೆ ಗುಡ್ಡ ಕುಸಿದು ರೈಲು ನಿಲ್ಲುತ್ತದಲ್ಲ, ಪಾಂಬನ್‌ನಲ್ಲಿ ನಿಲ್ಲಿಸುವುದು ಗಾಳಿ. ಹಳೆ ಸೇತುವೆ ಮೇಲೆ ಗಾಳಿಯ ವೇಗ ಗಂಟೆಗೆ 58 ಕಿ.ಮೀ. ದಾಟಿದರೆ ರೈಲು ಬಿಡುತ್ತಿರಲಿಲ್ಲ. ಈ ತಿಂಗಳುಗಳಲ್ಲಿ ಹೋಗುವುದಾದರೆ ಒಂದು ದಿನ ಕೈಯಲ್ಲಿ ಜಾಸ್ತಿ ಇರಲಿ.

ರಾಮೇಶ್ವರಕ್ಕೆ ನಿಲ್ಲಿಸಬೇಡಿ, ದ್ವೀಪದ ತುದಿಯ ಧನುಷ್ಕೋಟಿಗೆ ಹೋಗಿ. ಈ ರೈಲಿನ ಕಥೆ ಅರ್ಥವಾಗುವುದೇ ಅಲ್ಲಿ. ಮದ್ರಾಸಿನಿಂದ ಬೋಟ್ ಮೇಲ್ ಅನ್ನುವ ರೈಲು ಅಲ್ಲಿಯವರೆಗೆ ಬರುತ್ತಿತ್ತು. ಇಳಿದು ಸ್ಟೀಮರ್ ಹತ್ತಿದರೆ ಲಂಕೆಯ ತಲೈಮನ್ನಾರ್, ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೊ. ಇಷ್ಟಕ್ಕೂ ಒಂದೇ ಟಿಕೆಟ್! 1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತಕ್ಕೆ ಊರೂ ಹೋಯಿತು, ಧನುಷ್ಕೋಟಿ ಹತ್ತಿರ ಬಂದಿದ್ದ ಪಾಂಬನ್ ಪ್ಯಾಸೆಂಜರ್ ಒಳಗಿದ್ದ ಜನರ ಸಮೇತ ಸಮುದ್ರ ಪಾಲಾಯಿತು. ಪಾಂಬನ್ ಸೇತುವೆಯ ಗರ್ಡರ್‌ಗಳೂ (ಹಳಿ ಹೊರುವ ಉಕ್ಕಿನ ತೊಲೆಗಳು) ಕೊಚ್ಚಿಹೋಗಿದ್ದವು. ಮುಂದೆ ಕೊಂಕಣ ರೈಲ್ವೆ ಕಟ್ಟಿದ ಇ. ಶ್ರೀಧರನ್ ಆಗ ಯುವ ಎಂಜಿನಿಯರ್, 46 ದಿನದಲ್ಲಿ ಸೇತುವೆ ರಿಪೇರಿ ಮಾಡಿಸಿದರು. ಧನುಷ್ಕೋಟಿಯ ಹಳಿ ಮಾತ್ರ ಮತ್ತೆ ಬರಲೇ ಇಲ್ಲ.

ಈಗ ಅಲ್ಲಿ ಸ್ಟೇಷನ್ನಿನ ಮುರಿದ ಗೋಡೆಗಳಿವೆ, ಹವಳದ ಕಲ್ಲಿನಲ್ಲಿ ಕಟ್ಟಿದ ಚರ್ಚಿದೆ. ಆ ಕಲ್ಲನ್ನು ಹತ್ತಿರದಿಂದ ನೋಡಿ, ಮೈತುಂಬ ಸಣ್ಣ ಸಣ್ಣ ತೂತು. ಜನ ಸುಮ್ನೆ ಸೆಲ್ಫಿ ತೆಗೆದು ಹೊರಟುಬಿಡ್ತಾರೆ, ಬೇಜಾರಾಗುತ್ತದೆ. ನೀವು ಅರ್ಧ ಗಂಟೆಯಾದರೂ ನಿಲ್ಲಿ. ಬೆಳಿಗ್ಗೆಯೇ ಹೋಗಿ, ಸಂಜೆ ಮೇಲೆ ಆ ರಸ್ತೆಗೆ ಗಾಡಿ ಬಿಡುವುದಿಲ್ಲ. ನೆರಳು ಕಮ್ಮಿ, ಟೋಪಿ, ನೀರು ಮರೆಯಬೇಡಿ.